ದೂರಿನ ಕಾಯಿ

ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಮಂಜುನಾಥಪ್ಪನ ಕಷ್ಟವೇ ಅದು. ಸಾಗರದಿಂದ ಹೊಸನಗರದ ಕಡೆಗೆ ಹೊರಟ ಆ ಭಾನುವಾರದ ಬೆಳಿಗ್ಗೆ ಪ್ರತಿ ಇಳಿಜಾರಿನಲ್ಲೂ ಅವನು ಬೇಕಿರಲಿ ಬೇಡದಿರಲಿ ಪೆಡಲಿನ ಮೇಲೆ ಕಾಲಿಡುತ್ತಿದ್ದ; ಇಟ್ಟ ಕೂಡಲೇ ಹಳೆಯ ಲ್ಯಾಂಡ್‌ಮಾಸ್ಟರ್ ಕಾರು ಪಳಗಿದ ಎತ್ತಿನ ಹಾಗೆ ವೇಗ ಇಳಿಸುತ್ತಿತ್ತು. ಒಂದು ಸಲವಾದರೂ ಎಡಕ್ಕೆ ಎಳೆಯಲಿ, ಒಂದು ಸಲವಾದರೂ ಕಿರ್ರೆನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ತನ್ನ ಕಾರು ತಾನೇ ಕೆಡಲಿ ಎಂದು ಹಾರೈಸುವ ವಕೀಲ ಈ ಸೀಮೆಯಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ನಗು ಬಂತು; ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಆ ಬ್ರೇಕನ್ನು ರಿಪೇರಿ ಮಾಡಿದ ಮೆಕ್ಯಾನಿಕ್ ಜಯಪ್ಪ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಒರಗಿದ್ದ. ಕಾಮಾಲೆಯಿಂದ ಅವನ ಕಣ್ಣು, ಉಗುರು, ಅಂಗೈ ಎಲ್ಲ ಹಳದಿಗೆ ತಿರುಗಿದ್ದವು. ಅವನು ಉರುಳದ ಹಾಗೆ ಹೆಂಡತಿ ಹುಲಿಯಮ್ಮ ಹೆಗಲು ಕೊಟ್ಟು ಕೂತಿದ್ದಳು. ಮುಂದೆ, ವಕೀಲನ ಎಡಕ್ಕೆ, ಸೀಟು ಕೊಳೆಯಾದೀತೆಂಬಂತೆ ತುದಿಯಲ್ಲಿ ಕೂತಿದ್ದವನು ಮಾಸ್ತಪ್ಪ, ಮಂಜುನಾಥಪ್ಪನ ಕಕ್ಷಿಗಾರ, ಗೇಣಿ ಕೇಸಿನವನು. ನಾಲ್ವರೂ ದಾರಿಯ ತಿರುವಿನಲ್ಲಿರುವ ಚೌಡಿಕಲ್ಲಿಗೆ ಹೋಗುತ್ತಿದ್ದರು, ಜಯಪ್ಪನ ಮೇಲೆ ಮಾಸ್ತಪ್ಪ ಚೌಡಿ ದೇವಿಗೆ ಇಟ್ಟಿದ್ದನೆಂಬ ದೂರನ್ನು ಬಿಡಿಸುವುದಕ್ಕೆ. ಆ ದೂರು ಇಟ್ಟವನು ಮಾಸ್ತಪ್ಪ ಅಲ್ಲ ಎಂದು ಮಂಜುನಾಥಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಇಟ್ಟವನು ಮಂಜುನಾಥಪ್ಪನೇ.

"ನೋಡಿ ವಕೀಲ್ರೆ, ಹೆಂಗೆ ಹಿಡೀತದೆ!" ಹಿಂದಿನಿಂದ ಜಯಪ್ಪನ ಸೊರಗಿದ ದನಿ ಬಂತು. "ಲಿಂಗನಮಕ್ಕಿ ವರ್ಕ್‌ಶಾಪಲ್ಲಿ ದೊಡ್ಡ ದೊಡ್ಡ ಗಾಡಿಗೆ ಬ್ರೇಕ್ ಕೂರಿಸಿದ ಕೈ ಇದು. ನಾ ಸತ್ರೂ ಈ ಬ್ರೇಕ್ ಸಾಯಲ್ಲ, ಬರ್ದಿಟ್ಕಳಿ."

"ಸಾಯೋ ಮಾತು ಬ್ಯಾಡ, ಸುಮ್ನೆ ಕೂರ್ರಿ," ಎಂದಳು ಹುಲಿಯಮ್ಮ.

ವಕೀಲ ಹೂಂಗುಟ್ಟಿದ. ಜಯಪ್ಪನ ಬಾಯಿಬಡಿಕತನ ಕಾಯಿಲೆಗೂ ಬಗ್ಗಿರಲಿಲ್ಲ. ಈ ಬಾಯಿಯೇ ಅಲ್ಲವೆ ಎಲ್ಲಕ್ಕೂ ಕಾರಣ ಎಂದು ಒಂದು ಕ್ಷಣ ಹಳೆಯ ಸಿಟ್ಟು ತಲೆಯೆತ್ತಿತು. ಸಿಟ್ಟು ಬಂದರೆ ಅವನಿಗೆ ಹಾಯೆನ್ನಿಸುತ್ತಿತ್ತು, ಆದರೆ ಈಚೆಗೆ ಅದು ಬಂದ ಹಾಗೇ ಇಂಗಿ ಹೋಗುತ್ತಿತ್ತು. ಮಳೆಗಾಲದ ನಡುವೆ ಒಂದು ದಿನ ಗಣಪತಿ ಕೆರೆಯ ಹತ್ತಿರ ಪೆಡಲು ನೆಲದವರೆಗೂ ಇಳಿದು ಕಾರು ನಿಲ್ಲದೆ ಹುಲ್ಲಿನ ಗಾಡಿಗೆ ಹೋಗಿ ಗುದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಕೋಟು ಟೈ ಹಾಕಿದ ವಕೀಲ ಹುಲ್ಲು ಕೊಡವಿಕೊಂಡು ಇಳಿದದ್ದನ್ನು ಅರ್ಧ ಪೇಟೆ ನೋಡಿತು, ಅಷ್ಟೆ. ಕಾರನ್ನು ತಳ್ಳಿಸಿಕೊಂಡು ಜಯಪ್ಪನ ಶೆಡ್ಡಿಗೆ ಹೋದಾಗ ಅವನು ಅಡಿಯಲ್ಲಿ ತೂರಿ, ಹೊರಗೆ ಬಂದು, ಕಪ್ಪಗೆ ಹಿಂಜಿದ್ದ ಒಂದು ರಬ್ಬರಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದ. "ಮಾಸ್ಟರ್ ಸಿಲಿಂಡರ್ ಹೋಗಿದೆ. ನಾಲ್ಕೂ ಚಕ್ರದ ಲೈನಿಂಗ್ ಸವೆದು ಹಪ್ಪಳ ಆಗಿದೆ. ನೂರಾ ಎಂಬತ್ತಾಗ್ತದೆ." ಮಂಜುನಾಥಪ್ಪನಿಗೆ ಆ ಬಿಲ್ಲೆ ಏನು, ಎಲ್ಲಿಯದು, ಅದರ ಬೆಲೆ ನಾಲ್ಕಾಣೆಯೋ ನಲವತ್ತು ರೂಪಾಯಿಯೋ ಒಂದೂ ತಿಳಿಯಲಿಲ್ಲ. ತಿಳಿದವನಂತೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಅಷ್ಟೆಲ್ಲ ಯಾಕೆ?" ಎಂದ. ಜಯಪ್ಪ ಸುತ್ತ ಕೂತಿದ್ದ ಲಾರಿ ಡ್ರೈವರುಗಳ ಕಡೆ ಒಮ್ಮೆ ನೋಡಿ ಗಂಟಲು ಏರಿಸಿದ್ದ: "ಅಲ್ಲ ವಕೀಲ್ರೆ, ಕೋರ್ಟಲ್ಲಿ ಎದ್ದು ನಿಂತು ಒಂದು ಮಾತಾಡಿ ಕೂರಕ್ಕೆ ನೀವು ಎಷ್ಟು ತಗೋತೀರಿ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?" ಎಲ್ಲರೂ ನಕ್ಕರು. ಅವರಲ್ಲೊಬ್ಬ, ಕೇಳಿಸಲಿ ಎಂದೇ, "ಕಾರು ತಗಂಡ್ರೆ ಆಯ್ತಾ ಮಾರಾಯ, ಸಾಕಕ್ಕೂ ಬರ್ಬೇಕು," ಅಂದ.

ಆ ಮಾತು ನಾಟಿತ್ತು. ಅಣೆಕಟ್ಟಿನ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಇಂಜಿನಿಯರೊಬ್ಬನಿಂದ ಕಾರು ಕೊಂಡ ದಿನದಿಂದ ಅವನು ಕಾಯುತ್ತಿದ್ದದ್ದೂ ಹೆದರುತ್ತಿದ್ದದ್ದೂ ಇದೇ ಮಾತಿಗೆ. ಕೆಳದಿಯ ಆಚೆ ಗೇಣಿ ಮಾಡಿಕೊಂಡಿದ್ದವರ ಮಗ ವಕೀಲನಾದದ್ದನ್ನು ಪೇಟೆ ಹೇಗೋ ನುಂಗಿಕೊಂಡಿತ್ತು. ಕಾರು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಗ್ಯಾರೇಜಿಗೆ ಹೋಗಿ ಇದಕ್ಕೆ ಸರಿಯಾದ ದರ ಎಷ್ಟಪ್ಪಾ ಎಂದು ಕೇಳಬಹುದಿತ್ತು. ಸಾಗರದಲ್ಲೇ ಇನ್ನೂ ಇಬ್ಬರಿದ್ದರು. ಕೇಳಿದರೆ ಸಂಜೆಯೊಳಗೆ ಜಯಪ್ಪನ ಕಿವಿಗೆ ಬೀಳುತ್ತದೆ, ವಕೀಲ ಅಂಗಡಿ ಅಂಗಡಿ ತಿರುಗಿ ಚೌಕಾಸಿ ಮಾಡುತ್ತಿದ್ದಾನೆ ಎಂದಾಗುತ್ತದೆ. ಹೆಂಡತಿ ಶಾಂತಮ್ಮ, "ಕೇಳಿದ್ರೆ ಬಾಯಿ ಸವೀತದಾ? ಸೊಪ್ಪು ತಗಳಕ್ಕೂ ನಾನು ನಾಲ್ಕು ಕಡೆ ಕೇಳ್ತೀನಿ," ಎಂದಳು. ಅವಳ ಮೇಲೆ ರೇಗಿದ. ಮರುದಿನ ಜಯಪ್ಪನ ಕೈಗೆ ಪೂರ್ತಿ ಹಣ ಕೊಟ್ಟು, ಎಣಿಸಿಕೊಳ್ಳುವುದನ್ನೂ ನೋಡದೆ, ಗಾಂಭೀರ್ಯದಿಂದ ಕಾರು ಹತ್ತಿದ. ಮೋಸ ಹೋದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಹೊಸನಗರಕ್ಕೆ ಹೋಗುವಾಗ ಚೌಡಿಕಲ್ಲಿನ ಇದೇ ತಿರುವಿನಲ್ಲಿ ಕಾರು ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಡಿಕ್ಕಿಯಲ್ಲಿ ಕಕ್ಷಿಗಾರರು ಕೊಟ್ಟ ತೆಂಗಿನಕಾಯಿಗಳಿದ್ದವು, ರಸ್ತೆ ಖಾಲಿಯಿತ್ತು. ಮರದ ಬುಡದಲ್ಲಿ ಕುಂಕುಮ ಮೆತ್ತಿದ ಒರಟು ಕಲ್ಲು, ಅದರ ಮುಂದೆ ಒಡೆಯದೆ ಇಟ್ಟ ಕಾಯಿಗಳು, ಕೆಲವು ಒಣಗಿ ಬಿರಿದವು, ಕೆಲವು ಮೊಳೆತವು. ಒಂದೊಂದೂ ಒಬ್ಬೊಬ್ಬರ ಮೇಲಿನ ದೂರು. ಅನ್ಯಾಯ ಮಾಡಿದವರ ಹೆಸರು ಹೇಳಿ ಕಾಯಿಯನ್ನು ಕಣ್ಣಿನ ಕಡೆ ಕಲ್ಲಿಗೆ ಮಾಡಿ ಇಟ್ಟು, ಹಿಂದೆ ತಿರುಗಿ ನೋಡದೆ ಬರಬೇಕು. ಅವನು ಚಿಕ್ಕವನಿದ್ದಾಗ ಒಡೆಯರ ಕಡೆಯವರು ದೊಡ್ಡ ಕೊಳಗದಲ್ಲಿ ಗೇಣಿ ಭತ್ತ ಅಳೆದುಕೊಂಡು ಹೋದ ವರ್ಷ ಅವ್ವ ಅವನ ಕೈಹಿಡಿದು ಇಂಥದೇ ಒಂದು ಕಲ್ಲಿಗೆ ನಡೆಸಿಕೊಂಡು ಹೋಗಿದ್ದಳು. ಅವಳಿಗೆ ಹೋಗಲಿಕ್ಕೆ ಬೇರೆ ಜಾಗವಿರಲಿಲ್ಲ. ಅಂಥವರು ಕಲ್ಲಿನ ಮುಂದೆ ನಿಲ್ಲುವಂತಾಗಬಾರದೆಂದೇ ತಾನು ಲಾ ಓದಿದೆ ಎಂದು ಭಾಷಣಗಳಲ್ಲಿ ಹೇಳಿಕೊಂಡು ಬಂದವನು, ಕಪ್ಪು ಕೋಟು ಹಾಕಿಕೊಂಡೇ ಬಗ್ಗಿ, "ಜಯಪ್ಪ ನನಗೆ ಮೋಸ ಮಾಡಿದ್ದಾನೆ," ಎಂದು ಗಟ್ಟಿಯಾಗಿ ಹೇಳಿ ಕಾಯಿ ಇಟ್ಟ. ಯಾರಿಗೂ ಕಾಣದ ಹಾಗೆ ಹಳೆಯ ಕಾಯಿಗಳ ಹಿಂದಕ್ಕೆ, ಬೇರಿನ ಸಂದಿಯೊಳಕ್ಕೆ ತಳ್ಳಿದ. ನಂಬಿಕೆಯಿಂದ ಇಟ್ಟಿರಲಿಲ್ಲ ಎಂದು ಈಗ ಅವನ ವಾದ. ನಂಬಿಕೆಯಿಲ್ಲದೆ ಒಬ್ಬನಿಗೆ ಕೇಡು ಬಯಸುವುದು ನಂಬಿ ಬಯಸುವುದಕ್ಕಿಂತ ಹೇಗೆ ಮೇಲು ಎಂಬ ಪ್ರಶ್ನೆಗೆ ವಾದ ನಿಂತುಹೋಗುತ್ತಿತ್ತು. ಅಂದು ಮಾತ್ರ ಮನಸ್ಸು ಹಗುರಾಗಿತ್ತು. ಹೊಸನಗರ ಬರುವವರೆಗೂ ಸಿಳ್ಳೆ ಹಾಕಿಕೊಂಡು ಹೋಗಿದ್ದ.

ತೀರ್ಥಹಳ್ಳಿಯಲ್ಲಿ ಸತ್ಯ ತಿಳಿದದ್ದು. ಕೋರ್ಟು ವಹಿಸಿದ ಒಂದು ಕಮಿಷನ್ ಕೆಲಸಕ್ಕೆ ಹೋಗಿದ್ದಾಗ ಪಂಕ್ಚರ್ ಹಾಕಿಸಲು ತಿಮ್ಮಣ್ಣ ಎಂಬವನ ಗ್ಯಾರೇಜಿನ ಮುಂದೆ ನಿಂತ. ಪರವೂರು, ಗುರುತಿನವರಿಲ್ಲ ಎಂಬ ಧೈರ್ಯದಲ್ಲಿ, "ಮಾಸ್ಟರ್ ಸಿಲಿಂಡರ್ ಹೊಸದು, ನಾಲ್ಕೂ ಲೈನಿಂಗ್, ಇದಕ್ಕೆಲ್ಲ ಏನು ತಗೋತೀರಿ?" ಎಂದು ತೇಲಿಸಿ ಕೇಳಿದ. ತಿಮ್ಮಣ್ಣ ಎಲೆಯಡಿಕೆ ಉಗಿದು ಬಂದು, "ಇನ್ನೂರೈವತ್ತರ ಕೆಳಗೆ ಮಾಡಕ್ಕೆ ಆಗಲ್ಲ ಸ್ವಾಮಿ. ಮೊನ್ನೆ ರೂಪಾಯಿ ಬೆಲೆ ಇಳಿಸಿದ್ರಲ್ಲ, ಸಾಮಾನೆಲ್ಲ ಕೈಗೆ ಸಿಗ್ದಂಗೆ ಆಗಿದೆ. ನಿಮ್ಗೆ ಯಾರು ಮಾಡಿದ್ದು?" ಅಂದ. ನೂರಾ ಎಂಬತ್ತು ಎಂದು ಕೇಳಿ ಅವನು ಕಾರಿನಡಿ ಬಗ್ಗಿ ನೋಡಿ ಬಂದ. "ಸಾಮಾನು ಹೊಸದೇ ಹಾಕಿದಾನೆ. ಅವ್ನಿಗೆ ಎಂತ ಉಳೀತೋ! ನಿಮ್ಮ ಮೇಲೆ ಬಹಳ ವಿಶ್ವಾಸ ಇರ್ಬೇಕು." ವಿಶ್ವಾಸ! ಲಾರಿಯವರ ಲೆಕ್ಕದಲ್ಲಿ ಜಯಪ್ಪ ಕೈಯಾಡಿಸುತ್ತಾನೆ, ಪೆಟ್ರೋಲು ಹೀರುತ್ತಾನೆ, ಸಂಜೆ ಕುಡಿಯುತ್ತಾನೆ ಎಂಬುದೆಲ್ಲ ಊರಿಗೇ ಗೊತ್ತು. ಅಂಥವನು ತನ್ನೊಬ್ಬನ ಹತ್ತಿರ ಯಾಕೆ ನ್ಯಾಯವಾಗಿ ನಡೆದುಕೊಂಡ? ವಕೀಲನೂ ತನ್ನ ಹಾಗೆಯೇ ಕೆಳಗಿನಿಂದ ಎದ್ದು ಬಂದವನೆಂಬ ಅಭಿಮಾನಕ್ಕೋ ಏನೋ. ಎಲ್ಲರೆದುರು ಗೇಲಿ ಮಾಡಿದ್ದೂ ಆ ಸಲಿಗೆಯಿಂದಲೇ ಇರಬಹುದು. ಹಿಂತಿರುಗುವಾಗ ಕಾಯಿ ತೆಗೆದುಬಿಡೋಣವೆಂದು ತಿರುವಿನಲ್ಲಿ ಇಳಿದ. ಎದುರಿನಿಂದ ಒಂದು ಎತ್ತಿನ ಗಾಡಿ ಬಂತು. ಮೂತ್ರಕ್ಕೆ ನಿಂತವನಂತೆ ನಟಿಸಿ ಮತ್ತೆ ಕಾರು ಹತ್ತಿದ. ಊರು ಮುಟ್ಟಿದರೆ, ಜಯಪ್ಪ ಕಾಮಾಲೆಯಿಂದ ಮಲಗಿದ್ದಾನೆ ಎಂಬ ಸುದ್ದಿ.

ಕಾಮಾಲೆ ಊರಲ್ಲಿ ಹತ್ತಾರು ಜನಕ್ಕೆ ಬಂದಿತ್ತು. ಆ ವರ್ಷದ ನೀರು ಹಾಗಿತ್ತು, ಡಾಕ್ಟರೇ ಹೇಳಿದ್ದರು. ಉಳಿದವರು ಎದ್ದರು, ಜಯಪ್ಪ ಏಳಲಿಲ್ಲ. ಯಾರೋ ನಿಮಿತ್ತ ನೋಡಿ ಹೇಳುವವರು ಚೌಡಿಗೆ ದೂರು ಹೋಗಿದೆ ಎಂದದ್ದೇ ಸಾಕಾಯಿತು. ದೂರು ಬಿಡುವವರೆಗೆ ಔಷಧಿಯೂ ಬೇಡ, ಗಂಜಿಯೂ ಬೇಡ ಎಂದು ಬಾಯಿ ಬಿಗಿದ. ಹುಲಿಯಮ್ಮ ಗಂಡನ ಗಿರಾಕಿಗಳ ಮನೆಮನೆಗೆ ಹೊರಟಳು. ಹೋದ ವಾರ ಮಂಜುನಾಥಪ್ಪನ ಆಫೀಸಿಗೂ ಬಂದಳು. ಬೆಂಚಿನ ಮೇಲೆ ಮಾಸ್ತಪ್ಪ ಕೂತಿದ್ದ, ತನ್ನ ಕೇಸಿನ ದಿನ ಕೇಳಲು ಬಂದವನು. ಅವಳು ಹೊಸಿಲು ದಾಟದೆ ಸೆರಗೊಡ್ಡಿ ನಿಂತು, "ನೀವು ಅಂಥೋರಲ್ಲ ಅಂತ ಗೊತ್ತು. ಆದ್ರೂ ಒಂದು ಮನೆ ಬಿಡಬ್ಯಾಡ ಅಂದಿದಾರೆ, ಅದಕ್ಕೆ ಬಂದೆ. ನಮ್ಮ ಮೇಲೆ ದೂರು ಗೀರು ಇಟ್ಟಿದ್ರೆ ಹೇಳಿಬಿಡಿ ಅಣ್ಣ. ಕಾಲಿಗೆ ಬೀಳ್ತೀನಿ, ತಗಂಡ ದುಡ್ಡು ವಾಪಸ್ ಕೊಡ್ತೀನಿ," ಎಂದಳು. ಅವಳ ಕೈಯಲ್ಲಿ ಬಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಹೇಳಬಹುದಿತ್ತು. ಬಾಗಿಲು ಹಾಕಿ, ತಂಗೀ ನಾನೇ ಇಟ್ಟೆ ಎಂದರೆ ಮುಗಿಯುತ್ತಿತ್ತು. "ನಾನಾ? ಓದಿದೋನು ನಾನು. ಇಂಥಾದ್ದನ್ನೆಲ್ಲ ನಂಬ್ತೀನಾ? ಮೊದ್ಲು ಅವನಿಗೆ ಔಷಧಿ ಕುಡಿಸಮ್ಮ," ಎಂದು ಮಂಜುನಾಥಪ್ಪ ಗದರಿಸಿದ. ಅವಳು ಕ್ಷಮೆ ಕೇಳಿ ಹೋದಳು. ಮಾಸ್ತಪ್ಪ ಕೇಸಿನ ವಿಷಯ ಏನೂ ಕೇಳದೆ ಎದ್ದು ಅವಳ ಹಿಂದೆಯೇ ಹೋದ. ಮಾರನೆಯ ದಿನ ಪೇಟೆಯಲ್ಲೆಲ್ಲ ಅದೇ ಮಾತು. ಪೆಟ್ರೋಮ್ಯಾಕ್ಸ್ ರಿಪೇರಿಗೆ ಮೂರು ರೂಪಾಯಿ ತೆಗೆದುಕೊಂಡು ಸರಿ ಮಾಡಲಿಲ್ಲವೆಂದು ಆ ಮಾಸ್ತಪ್ಪ ಜೀವ ತೆಗೆಯುವ ದೂರು ಇಟ್ಟಿದ್ದನಂತೆ, ತಾನೇ ಒಪ್ಪಿಕೊಂಡನಂತೆ! ಸಂಜೆ ಹುಲಿಯಮ್ಮ ಮತ್ತೆ ಬಂದಳು. ದೂರು ಬಿಡಿಸಲು ಹತ್ತು ಜನ ಒಪ್ಪುವ ಒಬ್ಬ ದೊಡ್ಡ ಮನುಷ್ಯ ಸಾಕ್ಷಿ ನಿಲ್ಲಬೇಕು, ಗಂಡನಿಗೆ ನಡೆಯಲು ಆಗುವುದಿಲ್ಲ, ವಕೀಲರು ಕಾರು ತಂದು ಉಪಕಾರ ಮಾಡಬೇಕು ಎಂದಳು.

ತಿರುವು ಬಂತು. ಬ್ರೇಕು ಹಿಡಿಯಿತು. ಜಯಪ್ಪನನ್ನು ವಕೀಲನೂ ಮಾಸ್ತಪ್ಪನೂ ಹಿಡಿದು ಇಳಿಸಿದರು. ಮೈಯಲ್ಲಿ ತೂಕವೇ ಇರಲಿಲ್ಲ. ಕಲ್ಲಿನ ಹತ್ತಿರ ಪೂಜೆಯ ಕೆರಿಯಪ್ಪ ಕಾಯುತ್ತಿದ್ದ, ಅವನ ಸುತ್ತ ಹತ್ತಿರದ ಹಳ್ಳಿಯ ಜನ. ಯಾರೂ ಮಾಸ್ತಪ್ಪನ ಪಕ್ಕ ನಿಲ್ಲಲಿಲ್ಲ. ಒಬ್ಬ ಮುದುಕಿ ಅವನಿಗೆ ಕೇಳುವ ಹಾಗೆ ಉಗಿದಳು. ಅವನು ಹೆಗಲ ಮೇಲಿನ ಟವೆಲು ಸೊಂಟಕ್ಕೆ ಸುತ್ತಿಕೊಂಡು ಕಲ್ಲಿನ ಮುಂದೆ ನಿಂತ. ಕೆರಿಯಪ್ಪ, "ನಿನ್ನ ಕಾಯಿ ಯಾವುದು, ಎತ್ಕಾ," ಎಂದ. ಮಂಜುನಾಥಪ್ಪ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ಇಲ್ಲಿ ಮಾಸ್ತಪ್ಪ ಸಿಕ್ಕಿಬೀಳುತ್ತಾನೆ, ಯಾವುದೋ ಒಂದನ್ನು ಎತ್ತುತ್ತಾನೆ, ನಿಜವಾದ ದೂರು ಅಲ್ಲೇ ಉಳಿಯುತ್ತದೆ. ಚೌಡಿಯನ್ನು ನಂಬದವನು ಇದಕ್ಕೆ ಯಾಕೆ ಬೆವರಬೇಕು? ಮಾಸ್ತಪ್ಪ ಮುಂದಿದ್ದ ಕಾಯಿಗಳನ್ನು ಮುಟ್ಟಲೂ ಇಲ್ಲ. ಮಂಡಿಯೂರಿ, ಮರದ ಬೇರಿನ ಸಂದಿಗೆ ಮೊಳಕೈವರೆಗೂ ಕೈ ತೂರಿಸಿ, ಹಿಂದೆ ಒತ್ತಿಟ್ಟಿದ್ದ ಒಂದೇ ಒಂದು ಕಾಯಿಯನ್ನು ಹೊರಗೆ ತೆಗೆದ. ಮಣ್ಣು ಒರೆಸಿ ಎರಡೂ ಕೈಯಲ್ಲಿ ಹಿಡಿದ. ವಕೀಲನ ಕಡೆ ತಪ್ಪಿಯೂ ನೋಡಲಿಲ್ಲ.

ಆಮೇಲೆ ನಡೆದದ್ದೆಲ್ಲ ಮಂಜುನಾಥಪ್ಪನಿಗೆ ನೀರಿನಡಿ ಕೇಳಿದಂತೆ ಕೇಳಿತು. ಕಾಯಿ ಒಡೆದರು. ಒಂದೇ ಹೋಳಿನಿಂದ ಮಾಸ್ತಪ್ಪ ಒಂದು ಚೂರು ಕಚ್ಚಿದ, ಜಯಪ್ಪ ಒಂದು ಚೂರು ಕಚ್ಚಿದ. "ತಪ್ಪಾಯ್ತು, ಬಿಟ್ಟೆ," ಎಂದು ಮಾಸ್ತಪ್ಪ ತನಗಿಂತ ಚಿಕ್ಕವನ ಕಾಲು ಮುಟ್ಟಿದ. ಹುಲಿಯಮ್ಮ ಅಳುತ್ತಲೇ ಬೈದಳು: "ಮೂರು ರೂಪಾಯಿಗೆ ನನ್ನ ಕುಂಕುಮ ಅಳಿಸಕ್ಕೆ ಹೊರಟಿದ್ಯಲ್ಲೋ! ನಿನ್ನ ಕೈ ಸೇದಿ ಹೋಗ!" ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಬೈಗುಳದ ಒಂದೊಂದು ಮಾತೂ ತನ್ನ ವಿಳಾಸಕ್ಕೆ ಬಂದದ್ದು, ಇವನು ನಡುವೆ ನಿಂತು ಪಡೆದುಕೊಳ್ಳುತ್ತಿದ್ದಾನೆ ಎನ್ನಿಸಿತು ವಕೀಲನಿಗೆ. ಕೆರಿಯಪ್ಪ ತಿರುಗಿ, "ಸಾಕ್ಷಿ ಹೇಳ್ಬೇಕು ವಕೀಲ್ರೆ," ಎಂದ. ಈಗಲಾದರೂ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. "ದೂರು ಇಟ್ಟವನು ಒಪ್ಪಿದ, ದೂರು ಬಿಟ್ಟಿತು, ನಾನು ಕಂಡೆ," ಎಂದು ಮಂಜುನಾಥಪ್ಪ ಹೇಳಿದ. ಕೋರ್ಟಿನಲ್ಲಿ ಬರುವಷ್ಟೇ ಸ್ಪಷ್ಟವಾಗಿ, ಖಣಿಖಣಿಯಾಗಿ ಬಂತು ದನಿ. ಹುಲಿಯಮ್ಮ ತಂದಿದ್ದ ಗಂಜಿಯನ್ನು ಜಯಪ್ಪ ಅಲ್ಲೇ ಮರಕ್ಕೊರಗಿ ಕೂತು ಕುಡಿದ, ಪೂರ್ತಿ ಕುಡಿದ. ಅದನ್ನು ನೋಡಿ ಸಂತೋಷವಾಯಿತು. ಸಂತೋಷಪಡಲು ತಾನು ಯಾರು ಎಂದೂ ಅನ್ನಿಸಿತು.

ಜಯಪ್ಪ ಗಂಜಿ ಕುಡಿಯುತ್ತಿದ್ದಾಗ ಮಾಸ್ತಪ್ಪ ರಸ್ತೆಯಾಚೆ ಒಬ್ಬನೇ ನಿಂತು ಬೀಡಿ ಹಚ್ಚಿದ್ದ. ವಕೀಲ ಹತ್ತಿರ ಹೋದ. ಮಾಸ್ತಪ್ಪನೇ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿ ಹೇಳಿದ: "ಅವತ್ತು ನಾನು ಮೇಲ್ಗಡೆ ಗುಡ್ಡದಲ್ಲಿ ಸೊಪ್ಪು ಕಡೀತಿದ್ದೆ. ಕಾರು ನಿಂತಿದ್ದು ಕಾಣ್ತು, ನೀವಂದಿದ್ದೂ ಕೇಳ್ತು."

"ಹೇಳಬಹುದಿತ್ತಲ್ಲ ಮಾಸ್ತಪ್ಪ. ನೀನ್ಯಾಕೆ..."

"ಒಂದು ಜೀವ ಅಲ್ವಾ. ಯಾರಾದ್ರೂ ಒಬ್ರು ಒಪ್ಕಳ್ಳೇಬೇಕಿತ್ತು. ನೀವು ಒಪ್ಕಂಡ್ರೆ ನಾಳೆ ಕೋರ್ಟಲ್ಲಿ ನಿಮ್ಮ ಮಾತು ಯಾರು ಕೇಳ್ತಾರೆ? ನಾಳೆ ನಂದೇ ಅಲ್ವಾ ಕೇಸು. ನಿಮ್ಮ ಮಾತಿಗೆ ಬೆಲೆ ಇರ್ಬೇಕು. ನನ್ನ ಮಾತಿಗೆ ಎಂತ, ಮೊದ್ಲೂ ಇರಲಿಲ್ಲ." ಅವನ ದನಿಯಲ್ಲಿ ಕೊಂಕಿರಲಿಲ್ಲ. ಒಂದಿಷ್ಟು ಕೊಂಕಿದ್ದಿದ್ದರೆ ಮಂಜುನಾಥಪ್ಪ ಬದುಕಿಕೊಳ್ಳುತ್ತಿದ್ದ.

ಸೋಮವಾರ ಮುನ್ಸೀಫ್ ಕೋರ್ಟಿನಲ್ಲಿ ಮಾಸ್ತಪ್ಪ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತ. ಅಪ್ಪನ ಕಾಲದಿಂದ ತಾನೇ ಉತ್ತಿದ್ದು, ತಾನೇ ಗೇಣಿ ಅಳೆದದ್ದು, ರಶೀದಿ ಯಾವತ್ತೂ ಕೊಟ್ಟಿಲ್ಲ ಎಂದು ಹೇಳಿಕೊಟ್ಟ ಹಾಗೆಯೇ ಹೇಳಿದ. ಅವನ ಬಾಯಿಮಾತು ಬಿಟ್ಟರೆ ಕೇಸಿಗೆ ಬೇರೆ ಆಧಾರವಿರಲಿಲ್ಲ. ಒಡೆಯರ ಕಡೆಯ ಹಿರಿಯ ವಕೀಲರು ನಿಧಾನವಾಗಿ ಎದ್ದರು. ಕನ್ನಡಕ ಒರೆಸುತ್ತ, "ಏನಪ್ಪಾ, ಪೆಟ್ರೋಮ್ಯಾಕ್ಸಿನ ಮೂರು ರೂಪಾಯಿಗೆ ಒಬ್ಬ ಮನುಷ್ಯ ಸಾಯಲಿ ಅಂತ ಚೌಡಿಗೆ ದೂರು ಇಟ್ಟವನು ನೀನೇ ತಾನೆ?" ಎಂದರು. ಇದನ್ನು ಮಂಜುನಾಥಪ್ಪನೂ ಯೋಚಿಸಿರಲಿಲ್ಲ, ಮಾಸ್ತಪ್ಪನೂ ಯೋಚಿಸಿರಲಿಲ್ಲ. ಮಾಸ್ತಪ್ಪ ಒಮ್ಮೆ ವಕೀಲನ ಕಡೆ ನೋಡಿದ. ಆಮೇಲೆ, "ಹೌದು ಸ್ವಾಮಿ, ನಾನೇ," ಎಂದ.

"ಮೂರು ರೂಪಾಯಿಗೆ ಅಷ್ಟು ಮಾಡಿದವನು ಮೂರು ಎಕರೆಗೆ ಸುಳ್ಳು ಹೇಳಲಾರೆಯಾ?"

ಕೋರ್ಟು ನಕ್ಕಿತು. ಜಯಪ್ಪನ ಶೆಡ್ಡಿನಲ್ಲಿ ಕೇಳಿದ ನಗುವೇ. ಮಂಜುನಾಥಪ್ಪ ಎದ್ದು ನಿಂತ. ಆ ದೂರು ನನ್ನದು ಎಂಬ ಮಾತು ನಾಲಗೆಯ ಮೇಲೆ ಬಂದು ಕೂತಿತ್ತು, ಅದರ ರುಚಿ ಕೂಡ ಹತ್ತಿತ್ತು. ನ್ಯಾಯಾಧೀಶರು ತಲೆಯೆತ್ತಿ ಕಾದರು. "ಆಕ್ಷೇಪಣೆ ಇದೆ ಸ್ವಾಮಿ," ಎಂದ ಮಂಜುನಾಥಪ್ಪ. "ಈ ಪ್ರಶ್ನೆಗೂ ಕೇಸಿಗೂ ಸಂಬಂಧವಿಲ್ಲ."

ನ್ಯಾಯಾಧೀಶರು ಸ್ವಲ್ಪ ಯೋಚಿಸಿ, "ಸಂಬಂಧವಿಲ್ಲ. ಅದನ್ನು ಬರೆದುಕೊಳ್ಳುವುದು ಬೇಡ. ಮುಂದಿನ ಪ್ರಶ್ನೆ ಕೇಳಿ," ಎಂದರು.

ಮಧ್ಯಾಹ್ನ ಜಗಲಿಗೆ ಬಂದಾಗ ಜನ ಮಾಸ್ತಪ್ಪನಿಗೆ ಜಾಗ ಬಿಟ್ಟು ದೂರ ಸರಿದು ನಿಂತಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ, ಮುಖ ಅರಳಿತ್ತು. ಟವೆಲಿನಿಂದ ಕಣ್ಣೊರೆಸಿಕೊಂಡು ಓಡಿಬಂದು, "ನಾ ಹೇಳಿರಲಿಲ್ವಾ ವಕೀಲ್ರೆ? ನೀವೊಂದು ಮಾತು ಅಂದ್ರಿ, ಅವ್ರ ಬಾಯಿ ಮುಚ್ತು ನೋಡಿ," ಎಂದು ಎಲ್ಲರೆದುರು ಬಗ್ಗಿ ಮಂಜುನಾಥಪ್ಪನ ಕಾಲು ಮುಟ್ಟಿದ. ಬೇಡ ಎನ್ನುವ ಹಕ್ಕೂ ತನಗಿಲ್ಲವೆನ್ನಿಸಿ ವಕೀಲ ಹಾಗೆಯೇ ನಿಂತಿದ್ದ.